ಡ್ರೈವರ್ ಸೈಡ್ ಬಿಗಿ

ನವೆಂಬರ್ ೪, ಮಂಗಳವಾರ

ಹಳದಿ ಮತ್ತೆ ಕೈಕೊಟ್ಟಿತು. ಕ್ಯೂಬಿನ ಕೆಳಗಿನ ಎರಡು ಸಾಲು ಮದುವೆಯ ಪಂಕ್ತಿಯ ಹಾಗೆ ಶಿಸ್ತಾಗಿ ಕೂತಿವೆ. ಮೇಲಿನ ಹಳದಿ ಸಾಲು ಮಾತ್ರ ಬಸ್ ಸ್ಟ್ಯಾಂಡು.

ನೆಹರೂ ನಗರದಲ್ಲಿ ಗ್ಯಾಸ್ ಗಾಡಿ ನಿಲ್ಲಿಸಿ, ತುಂಬಿದ ಸಿಲಿಂಡರ್ ಮೇಲೆ ಕುಳಿತು ತಿರುಗಿಸುತ್ತಿದ್ದೆ. ದಾರಿಯಲ್ಲಿ ಹೋಗುತ್ತಿದ್ದ ಒಬ್ಬರು ನಿಂತು ಕೇಳಿದರು.

"ಏನ್ರಿ ಇದು, ಗ್ಯಾಸಿನ ಹೊಸಾ ರೆಗ್ಯುಲೇಟರ್ ಏನ?"

"ಹೌದ್ರಿ. ಬಣ್ಣ ಕೂಡಿದ್ರ ಒಲಿ ಹತ್ತತೈತಿ."

ನಂಬಿ ಹೋದರು. ಪಾಪ.

ಗುರು ನನ್ನ ಮಗಳೇ, ಸ್ನೇಹಲ್. ಅವಳಿಗೆ ಸುಮ್ಮನೆ ಕುಳಿತು ಕ್ಯೂಬ್ ಜೋಡಿಸುವುದು ಬೇಸರವಂತೆ. ಒಂದೇ ಕೈಯಲ್ಲಿ ಮಾಡುತ್ತಾಳೆ. ಕಾಲಲ್ಲಿ ಮಾಡುತ್ತಾಳೆ. ನಿನ್ನೆ ಅವ್ವನ ಸ್ಕೂಟಿ ಹಿಂದೆ ಕುಳಿತು ಮಾಡಿದಳು. ಶಿವಬಸವ ನಗರದ ತಿರುವಿನಲ್ಲಿ ನನ್ನ ಹೆಂಡತಿ ನಾಗರತ್ನಾ ಸ್ಪೀಡ್ ಬ್ರೇಕರ್ ನೋಡದೆ ಹಾರಿಸಿದಳು — ಕ್ಯೂಬ್ ಗಟಾರಕ್ಕೆ. ಸಂಜೆ ಸೋಪು ಹಾಕಿ ತೊಳೆದು ಒಣಗಲಿಕ್ಕೆ ದೇವರ ಜಗಲಿಯ ಪಕ್ಕ ಇಟ್ಟರೆ ಹೆಂಡತಿಯ ಮಂಗಳಾರತಿ ನನಗೆ.

"ಕಾಲಿಲೆ ಮುಟ್ಟಿದ್ದು, ಗಟಾರದಾಗ ಬಿದ್ದದ್ದು! ದೇವರ ಬಾಜೂಕ ಇಡ್ತೀರಲ್ಲ, ನಿಮಗ ಏನರ ಅನ್ನಸತೈತೇನ?"

"ದೇವರು ಖಾಲಿ ಕುಂತಾನಲ್ಲ, ತಿರುಗಿಸಲಿ ಅಂತ ಇಟ್ಟೆ."

ಚಹಾ ಸಿಗಲಿಲ್ಲ.

ಡಿಸೆಂಬರಿನಲ್ಲಿ ಸ್ನೇಹಲ್ ಮತ್ತು ಗೆಳೆಯರು ಒಂದು ಕೂಟ ಇಟ್ಟಿದ್ದಾರೆ. ಎಲ್ಲಾ ಉಲ್ಟಾ ಆಟಗಳೇ. ಅದರಲ್ಲಿ ಒಂದು ಜೋಡಿಯ ಆಟ. ಒಬ್ಬನ ಕಣ್ಣಿಗೆ ಪಟ್ಟಿ, ಕ್ಯೂಬ್ ಅವನ ಕೈಯಲ್ಲಿ. ಇನ್ನೊಬ್ಬ ನೋಡಿ ನೋಡಿ ಬಾಯಲ್ಲಿ ಹೇಳಬೇಕು. ಮುಟ್ಟುವಂತಿಲ್ಲ. ಅವಳು ಹೇಳಿದಾಗಿನಿಂದ ತಲೆಯಲ್ಲಿ ಒಂದೇ ಹೆಸರು. ಖಾನಾಪುರದ ನಮ್ಮ ಸೋಮಲಿಂಗಣ್ಣ. ಸಕ್ಕರೆ ಕಾಯಿಲೆ ಕಣ್ಣು ತೆಗೆದುಕೊಂಡಿತು, ಈಚೆಗೆ ಮನೆ ಬಿಟ್ಟು ಹೊರಗೇ ಬರುವುದಿಲ್ಲ. ಪಟ್ಟಿಯ ಬಟ್ಟೆಯೂ ಉಳಿಯಿತು...

ಇದು ಜೋಕು. ಯಾರಿಗೂ ಹೇಳಿಲ್ಲ.

ನವೆಂಬರ್ ೭, ಶುಕ್ರವಾರ

ಇವತ್ತು ನಕ್ಕು ನಕ್ಕು ಹೊಟ್ಟೆ ನೋವು. ನನ್ನ ಜೊತೆ ಸಿಲಿಂಡರ್ ಇಳಿಸಲು ಹೊಸಬ ಬಂದಿದ್ದಾನೆ, ಬಸಯ್ಯ. ಮುಧೋಳದ ಕಡೆಯವನು, ಮರಾಠಿ ಒಂದಕ್ಷರ ಬಾರದು. ಶಹಾಪುರದಲ್ಲಿ ಮಾಳಿಗೆಯ ಮೇಲಿಂದ ಒಬ್ಬ ಮರಾಠಿ ಮಾವಶಿ ಕೂಗಿದಳು, "ಖಾಲೀ ಠೇವಾ!" ಕೆಳಗೇ ಇಡು ಎಂದು. ಮರಾಠಿಯಲ್ಲಿ ಖಾಲಿ ಎಂದರೆ ಕೆಳಗೆ. ಇವನಿಗೆ ಗೊತ್ತಿರುವುದು ನಮ್ಮ ಖಾಲಿ. ಬರಿದಾದ ಸಿಲಿಂಡರ್ ಒಂದನ್ನು ಗಾಡಿಯಿಂದ ಇಳಿಸಿ, ಅವಳ ಮೆಟ್ಟಿಲ ಬುಡದಲ್ಲಿಟ್ಟು, ತುಂಬಿದ್ದನ್ನು ಹೊತ್ತು ವಾಪಸ್ ಬಂದ!

"ಆಕೀನ ಅಂದ್ಲಲ್ರಿ, ಖಾಲಿ ಇಡ ಅಂತ."

"ಏ ಬಸಯ್ಯಾ, ನಾಕ ದಿನ ಈ ಊರಾಗ ಇರು. ಖಾಲಿ ಅನ್ನೂ ಮಾತಿನಾಗ ಎಷ್ಟ ತುಂಬೈತಿ ಅಂತ ತಿಳೀತೈತಿ."

ನವೆಂಬರ್ ೯, ಭಾನುವಾರ. ಖಾನಾಪುರ

ಬೆಳಗಿನ ಬಸ್ಸಿಗೆ ಬಂದೆ. ಅಣ್ಣ ಒಳಗಿನ ಕೋಣೆಯ ಮಂಚದ ಮೇಲೆ. ಹೆಜ್ಜೆ ಸಪ್ಪಳ ಕೇಳಿಯೇ ಹೇಳಿದ, "ಕಲ್ಯಾ ಬಂದ."

ಕೈಗೆ ಕ್ಯೂಬ್ ಕೊಟ್ಟೆ. ಆಟ ವಿವರಿಸಿದೆ. ಬೆರಳಿಂದ ಮುಟ್ಟಿ ಮುಟ್ಟಿ ನೋಡಿದ. ಆಮೇಲೆ ಕಿಟಕಿಯ ಕಟ್ಟೆಗೆ ಇಟ್ಟ.

"ಕುಡ್ಡಗ ಬಣ್ಣದ ಆಟಗಿ ತಂದೀದಿ. ಮುಂದಿನ ವಾರ ಕನ್ನಡಿ ತಾ."

ಜೋಕು ಚೆನ್ನಾಗಿತ್ತು. ನನಗೆ ನಗು ಬರಲಿಲ್ಲ. ಮನೆತನದಲ್ಲಿ ಮೊದಲ ಸಲ.

ಊಟಕ್ಕೆ ನಾವು ಪಡಸಾಲೆಯಲ್ಲಿ. ಅಣ್ಣನ ತಾಟು ಒಳಗೆ ಹೋಯಿತು, ಬಾಗಿಲು ಮುಂದಾಯಿತು. ಮುಚ್ಚಿದ ಬಾಗಿಲ ಒಳಗೆ ಅವನು ಉಣ್ಣುವ ಸಪ್ಪಳವೂ ಇಲ್ಲ. ಅಣ್ಣನ ಹೆಂಡತಿ ಗಂಗಾದೇವಿ ವೈನಿ ರೊಟ್ಟಿ ಬಡಿಸುತ್ತಾ ಸಣ್ಣಗೆ ಹೇಳಿದರು.

"ನನ್ನ ತಮ್ಮನ ಮನ್ಯಾಗ ಕುಬಸದ ಊಟ ಇತ್ತಲ್ಲ, ಅವತ್ತ ಇವರ ಕೈ ಬಾಜೂದವರ ತಾಟಿನ್ಯಾಗ ಹೋತು. ಯಾರೂ ಏನೂ ಅನ್ಲಿಲ್ಲ ಕಲ್ಮೇಶ. ಎಲ್ಲಾರೂ ಗಪ್ ಆದ್ರು. ಅದ ಇವರಿಗೆ ಹತ್ತಿದ್ದು. ಆಮ್ಯಾಲ ನಾ ಕೈ ಹಿಡದು ಇದು ಪಲ್ಯ, ಇದು ಬ್ಯಾಳಿ ಅಂತ ತೋರಿಸಾಕ ಹೋದ್ರ ಕೈ ಕಸಗೊಂಡ್ರು. ಅವತ್ತಿನಿಂದ ಬಾಗಿಲಾ ಮುಂದ."

"ವೈನಿ, ಡಾಕ್ಟರ್..."

"ಡಾಕ್ಟರ್ ಏನ ಮಾಡ್ತಾರ. ಕಣ್ಣ ಬರೂದಿಲ್ಲ, ಗೊತ್ತೈತಿ. ಎಲ್ಲಾರ ಜೋಡಿ ಕುಂತ ಒಂದ ದಿನ ಉಂಡ್ರ ಸಾಕ. ನನಗ ಬ್ಯಾರೆ ಏನೂ ಬ್ಯಾಡ."

ಕ್ಯೂಬ್ ಕಿಟಕಿಯಲ್ಲೇ ಬಿಟ್ಟು ಬಂದೆ. ಮರೆತ ಹಾಗೆ ಮಾಡಿ.

ನವೆಂಬರ್ ೧೬, ಭಾನುವಾರ. ಖಾನಾಪುರ

ಮೊದಲು ಜಗಳ ಬರೆಯುತ್ತೇನೆ.

"ಬಲಕ್ಕ ತಿರಗಸಣ್ಣಾ."

"ಯಾವ ಬಲ? ನಂದೋ ನಿಂದೋ?"

"ನಿಂದ."

"ತಿರಗಿಸಿದೆ."

"ಅದಲ್ಲೋ ಮಾರಾಯಾ, ಬಲಗಡಿದ್ದನ್ನ ಮ್ಯಾಲಕ..."

"ಬಲಕ್ಕ ಅಂತಿ, ಮ್ಯಾಲ ಅಂತಿ. ನಿನಗರ ಕಣ್ಣ ಅದಾವಿಲ್ಲೋ?"

ನಾಲ್ಕನೇ ಇಯತ್ತೆಗೆ ಸಾಲಿಗೆ ಶರಣು ಹೊಡೆದವನು ನಾನು. ತಿರುವುಗಳಿಗೆ ಸ್ನೇಹಲ್ ಹೇಳುವ ಆರ್, ಎಲ್, ಯೂ ನನ್ನ ನಾಲಿಗೆಗೇ ಹತ್ತಿಲ್ಲ, ಅಣ್ಣನಿಗೆ ಏನು ಹೇಳಲಿ. ಸಿಟ್ಟು ಬಂತು. ಅವನ ಕೈ ಹಿಡಿದು ತಿರುಗಿಸಲು ಹೋದೆ.

"ಕೈ ಮುಟ್ಟಬ್ಯಾಡ!"

ಎಷ್ಟು ಜೋರಾಗಿ ಅಂದನೆಂದರೆ ವೈನಿ ಅಡುಗೆಮನೆಯಿಂದ ಬಂದು ನಿಂತರು. ಕೈ ಹಿಂದಕ್ಕೆ ತೆಗೆದೆ.

ಆಗ ಹೊರಗೆ ಓಣಿಯಲ್ಲಿ ಒಂದು ಲಾರಿ ಹಿಂದಕ್ಕೆ ಬರುತ್ತಿತ್ತು. ಕ್ಲೀನರ್ ಬಾಡಿ ಬಡಿಯುತ್ತಾ ಕೂಗುತ್ತಿದ್ದ. ಬರ್ಲಿ, ಬರ್ಲಿ, ಬರ್ಲಿ... ಅಣ್ಣ ಕಿವಿ ಕೊಟ್ಟ.

"ಅಂವ ಹೊಸಬ ಅದಾನ. ಬರೇ ಬರ್ಲಿ ಬರ್ಲಿ ಅಂತಾನ. ಯಾವ ಸೈಡ್ ಅಂತ ಹೇಳವಲ್ಲ. ಗ್ವಾಡಿಗಿ ಬಡಿಸ್ತಾನ ನೋಡ."

ಬಡಿಯಿತು. ಯಾರದೋ ಕಂಪೌಂಡು. ಬೈಗುಳದ ಮಳೆ.

ಅಣ್ಣ ಲಾರಿ ಹೊಡೆಯುತ್ತಿದ್ದಾಗ ಅವನ ಕ್ಲೀನರ್ ನಾನೇ. ಲೋಂಡಾದ ಕಟ್ಟಿಗೆ ಡಿಪೋದಲ್ಲಿ, ಒಂದು ಕಡೆ ಗಟಾರ ಇನ್ನೊಂದು ಕಡೆ ಮರದ ದಿಮ್ಮಿ, ನಡುವೆ ಗಾಡಿ ಹಿಂದಕ್ಕೆ ತರುತ್ತಿದ್ದ. ಕನ್ನಡಿ ನೋಡುತ್ತಿರಲಿಲ್ಲ. ನನ್ನ ಬಾಯಿ ಕೇಳುತ್ತಿದ್ದ, ಅಷ್ಟೇ.

ಯಾಕೋ ಬಾಯಿಗೆ ಬಂತು. "ಅಣ್ಣಾ... ಡ್ರೈವರ್ ಸೈಡ್ ಬಿಗಿ."

ಕೈ ತಾನೇ ತಿರುಗಿತು. ಕ್ಯೂಬಿನ ಬಲ ಮೈ, ನಟ್ಟು ಬಿಗಿ ಮಾಡಿದ ಹಾಗೆ. ಸರಿಯಾಗಿ.

"ಕ್ಲೀನರ್ ಸೈಡ್ ಸಡ್ಲ."

ಎಡ ಮೈ, ನಟ್ಟು ಬಿಚ್ಚಿದ ಹಾಗೆ. ಸರಿಯಾಗಿ!

ಮಧ್ಯಾಹ್ನ ಪೂರ್ತಿ ಲಾರಿ ಕಟ್ಟಿದೆವು. ಮುಂದಿನ ಮೈ ಬಾನೆಟ್. ಹಿಂದಿನದು ಟೇಲ್ ಲೈಟ್. ಮೇಲಿನದು ಟಪ್ಪು. ಕೆಳಗಿನದು ಚೆಸ್ಸಿ. ಎಲ್ಲದಕ್ಕೂ ಎರಡೇ ಮಾತು, ಬಿಗಿ ಮತ್ತು ಸಡ್ಲ. ಬಾಗಿಲು ಮುಚ್ಚಿ ಉಂಡ, ಉಂಡವನೇ ಕೂಗಿದ, "ಕ್ಲೀನರ್! ಎಲ್ಲಿ ಸತ್ತೀ?"

ಬೈಗುಳ ಎಷ್ಟು ಸಿಹಿ.

ನವೆಂಬರ್ ೨೬, ಬುಧವಾರ

ಬರೆಯಲು ಪುರಸೊತ್ತಿಲ್ಲ. ದಿನಾ ವೀಡಿಯೋ ಕಾಲ್. ಅಲ್ಲಿ ವೈನಿ ಅಣ್ಣನ ಕೈ ಕಾಣುವ ಹಾಗೆ ಫೋನ್ ಹಿಡಿಯುತ್ತಾರೆ, ಇಲ್ಲಿ ನಾನು ಗಾಡಿಯಲ್ಲಿ ಕುಳಿತು ಹೇಳುತ್ತೇನೆ. ಒಮ್ಮೊಮ್ಮೆ ವೈನಿ ಫೋನ್ ಹಿಡಿದೇ ಒಗ್ಗರಣೆ ಹಾಕುತ್ತಾರೆ. ಆಗ ಕ್ಯೂಬ್ ಬದಲು ಸಾಸಿವೆ ಕಾಣುತ್ತದೆ.

ಇವತ್ತು ಅಕ್ಕವ್ವ ಅಜ್ಜಿಯ ಮನೆಗೆ ಸಿಲಿಂಡರ್ ಕೊಟ್ಟು, ಬಾಗಿಲಲ್ಲೇ ನಿಂತು ಕಾಲ್ ಮಾಡುತ್ತಿದ್ದೆ. ಬಾನೆಟ್ ಬಿಗಿ. ಟಪ್ಪ್ ಸಡ್ಲ. ಟಪ್ಪ್ ಬಿಗಿ. ಒಳಗಿನಿಂದ ಅಜ್ಜಿ ಚೀರಿದಳು.

"ಏ ಹುಡುಗಾ! ಒಮ್ಮಿ ಬಿಗಿ ಅಂತಿ, ಒಮ್ಮಿ ಸಡ್ಲ ಅಂತಿ! ಈ ರೆಗ್ಯುಲೇಟರ್ ಹಿಡಕೊಂಡ ನಾ ಏನ ಮಾಡ್ಲೋ?"

ಓಡಿ ಹೋಗಿ ನಾನೇ ಹಾಕಿಕೊಟ್ಟೆ. ನಾನು ಇನ್ನೂ ಹುಡುಗನಂತೆ. ಅದಕ್ಕೆ ಇವತ್ತು ಹೆಂಡತಿಯ ಮುಂದೆ ಎದೆ ಉಬ್ಬಿಸಿ ಓಡಾಡಿದೆ.

ನವೆಂಬರ್ ೩೦, ಭಾನುವಾರ. ಖಾನಾಪುರ

ಜೋಡಿಸಿದೆವು!! ಪೂರ್ತಿ. ಹಳದಿ ಸಹಿತ.

ಅಣ್ಣ ನಂಬಲಿಲ್ಲ. ವೈನಿಯನ್ನು ಕರೆದು ಸಾಕ್ಷಿ ಕೇಳಿದ. ಪಕ್ಕದ ಮನೆಯವರನ್ನೂ ಕರೆಸಿ ಕೇಳಿದ. "ಇವರಿಬ್ಬರೂ ಒಂದ ಪಾರ್ಟಿ, ನೀವರ ಖರೇ ಹೇಳ್ರಿ" ಎಂದು. ಆಮೇಲೆ ಕ್ಯೂಬನ್ನು ಲುಂಗಿಯಲ್ಲಿ ಒರೆಸಿ ದಿಂಬಿನ ಕೆಳಗಿಟ್ಟ.

ಕೂಟಕ್ಕೆ ಬೆಳಗಾವಿಗೆ ಬರುತ್ತೀಯಾ ಎಂದೆ. ದಿಂಬು ಸರಿ ಮಾಡಿಕೊಳ್ಳುತ್ತಾ ಕೇಳಿದ.

"ಅಲ್ಲೆ ಊಟ ಇರತೈತೇನ?"

"ಇರತೈತಿ. ಚಲೋ ಊಟ ಐತಂತ."

"ಹಂಗಾರ ಊಟದ ಮೊದಲ ವಾಪಸ್ ತಂದ ಬಿಡಬೇಕ. ಮಾತ ಕೊಡ."

ಕೊಟ್ಟೆ. ವೈನಿ ಕಡೆ ನೋಡಲಿಲ್ಲ.

ಡಿಸೆಂಬರ್ ೧೩, ಶನಿವಾರ

ನಾಳೆ. ಸ್ನೇಹಲ್ ಬಾಗಿಲ ಚೌಕಟ್ಟಿನ ಕಬ್ಬಿಣದ ಸಲಾಕಿಗೆ ಮೊಣಕಾಲು ಸಿಕ್ಕಿಸಿ ತಲೆಕೆಳಗಾಗಿ ಜೋತಾಡುತ್ತಿದ್ದಾಳೆ. ಹಾಗೆಯೇ ಜೋಡಿಸುವುದು ಅವಳ ನಾಳಿನ ಆಟ. ನಾಗರತ್ನಾ ಬಾಗಿಲು ದಾಟುವಾಗೆಲ್ಲ ಅವಳ ಜಡೆ ಸರಿಸಿ, ಬೈದು, ಹೋಗುತ್ತಾಳೆ.

"ನಿಮ್ಮ ಮನೆತನದಾಗ ನೆಟ್ಟಗ ನಿಂತವರ ಯಾರರ ಇದ್ದಾರೇನ್ರಿ?"

ನನ್ನ ಗಂಟಲು ಕಟ್ಟಿದೆ. ಉಪ್ಪುನೀರು ಬಾಯಿ ಮುಕ್ಕಳಿಸಿದೆ.

ಡಿಸೆಂಬರ್ ೧೪, ಭಾನುವಾರ. ಸಂಜೆ

ನಿಧಾನವಾಗಿ ಬರೆಯುತ್ತೇನೆ.

ಅಣ್ಣನನ್ನು ಸಿಲಿಂಡರ್ ಗಾಡಿಯಲ್ಲೇ ಕರೆತಂದೆ. ಅವನು ಕ್ಲೀನರ್ ಸೀಟಿನಲ್ಲಿ, ನಾನು ಡ್ರೈವರ್. ಉಲ್ಟಾ ಆಟ ಅಲ್ಲಿಂದಲೇ ಶುರು. ದಾರಿಯುದ್ದಕ್ಕೂ ಗೇರು ಸರಿಯಿಲ್ಲ, ಕ್ಲಚ್ಚು ಸರಿಯಿಲ್ಲ. ವೈನಿ ಹಿಂದಿನಿಂದ ಬಸ್ಸಿಗೆ ಬಂದರು.

ಮದುವೆಯ ಮಂಗಲ ಕಾರ್ಯಾಲಯದ ಹಾಲ್. ಎಂಥೆಂಥ ಮಂದಿ! ಒಬ್ಬ ನೀರಿನ ಟಾಕಿಯಲ್ಲಿ ತಲೆ ಮುಳುಗಿಸಿ ಉಸಿರು ಹಿಡಿದು ಜೋಡಿಸಿದ. ಒಬ್ಬಳು ಮೂರು ಕ್ಯೂಬ್ ಮೇಲೆ ಹಾರಿಸುತ್ತಾ, ಕೈಗೆ ಬಂದಿದ್ದಕ್ಕೆ ಒಂದೊಂದು ತಿರುವು ಕೊಡುತ್ತಾ. ಸ್ನೇಹಲ್ ಬಾವಲಿಯ ಹಾಗೆ ಜೋತು ಬಿದ್ದು ಮುಗಿಸಿದಳು. ನಾಗರತ್ನಾ ಸೆರಗಿನಲ್ಲಿ ಮುಖ ಮುಚ್ಚಿ, "ನನಗೂ ಒಂದ ಪಟ್ಟಿ ಕಟ್ರಿ, ನೋಡಾಕ ಆಗವಲ್ಲದು" ಎಂದಳು. ನಾನು ಅಣ್ಣನ ಕಿವಿಗೆ ಎಲ್ಲವನ್ನೂ ಹೇಳುತ್ತಿದ್ದೆ. ಅಣ್ಣ ಕೇಳಿ ಕೇಳಿ ಅಂದ, "ಹುಚ್ಚರ ಸಂತಿಗಿ ತಂದೀದಿ. ಚಲೋ ಐತಿ."

ನಮ್ಮ ಸರದಿ. ತೀರ್ಪು ಕೊಡುವ ಪಂಚ, ಅನಿಕೇತ ಎಂಬ ಹುಡುಗ, ಪಟ್ಟಿ ಹಿಡಿದು ನಿಂತ. ಕಟ್ಟಲೋ ಬೇಡವೋ ಎಂದು ಅವನಿಗೆ.

"ಕಾಕಾ, ನಿಮಗ... ಇದ ಬೇಕಾಗೂದಿಲ್ರಿ."

"ರೂಲ್ ಅಂದ್ರ ರೂಲ್. ಕಟ್ಟ. ಕಳ್ಳಗಣ್ಣಿಲೆ ನೋಡ್ಯಾನ ಅಂತ ನಾಳೆ ಯಾರರ ಅಂದಾರ."

ಹಾಲ್‌ನಲ್ಲಿ ಯಾರಿಗೂ ನಗಲು ಧೈರ್ಯವಿಲ್ಲ. ನಾನೇ ಮೊದಲು ನಕ್ಕೆ. ಆಮೇಲೆ ಎಲ್ಲರೂ.

ಶುರು. ಡ್ರೈವರ್ ಸೈಡ್ ಬಿಗಿ. ಟಪ್ಪ್ ಬಿಗಿ. ಡ್ರೈವರ್ ಸೈಡ್ ಸಡ್ಲ. ಅಣ್ಣನ ಬೆರಳು ಹೇಳುವುದಕ್ಕೆ ಮುಂಚೆಯೇ ಹೋಗಿ ಕಾಯುತ್ತಿದ್ದವು. ಕೆಳಗಿನ ಸಾಲು ಆಯಿತು. ನಡುವಿನದು ಆಯಿತು. ಪಕ್ಕದ ಮೇಜಿನಲ್ಲಿ ಗಂಡ ಹೆಂಡತಿ ಜೋಡಿ, ಮರಾಠಿಯಲ್ಲಿ ಗಂಟಲು ಹರಿದುಕೊಂಡು ಕೂಗುತ್ತಿದ್ದರು. ವರ! ಖಾಲೀ! ಉಜವೀ! ಖಾಲೀ ಖಾಲೀ! ಮೇಲೆ, ಕೆಳಗೆ, ಬಲಕ್ಕೆ ಎಂದು. ನನ್ನ ಕಿವಿಯಲ್ಲಿ ಅವರು, ಬಾಯಲ್ಲಿ ನಾವು. ಹಳದಿಯೂ ಕೂಡಿತು. ಒಂದೇ ಒಂದು ತಿರುವು ಬಾಕಿ, ಚೆಸ್ಸಿ ಬಿಗಿ. ಅಷ್ಟೇ.

ಚೆಸ್ಸಿ ಎನ್ನುವ ಮಾತು ಬಾಯಿಗೆ ಬರಲಿಲ್ಲ. ಎಲ್ಲಿ ಹೋಯಿತೋ. ಕೈ ಕೆಳಗೆ ತೋರಿಸುತ್ತೇನೆ — ಯಾರಿಗೆ ತೋರಿಸುತ್ತೇನೆ! — ಬಾಯಿಂದ ಬಂದದ್ದು:

"ಖಾಲಿ! ಅಣ್ಣಾ, ಖಾಲಿ!"

ಲಾರಿ ಡ್ರೈವರಿಗೆ ಖಾಲಿ ಎಂದರೆ ಒಂದೇ ಅರ್ಥ. ಲೋಡು ಇಳಿಯಿತು, ಕೆಲಸ ಮುಗಿಯಿತು. ಅಣ್ಣ ಕ್ಯೂಬನ್ನು ಮೇಜಿನ ಮೇಲೆ ಟಪ್ ಎಂದು ಇಟ್ಟು, ಎರಡೂ ಕೈ ಮೇಲೆತ್ತಿ, ಕುರ್ಚಿಗೆ ಒರಗಿದ. ಗಡಿಯಾರ ನಿಂತಿತು. ಹಾಲ್ ಪೂರ್ತಿ "ಅಯ್ಯೋ" ಎಂದಿತು.

"ಯಾಕ? ಏನಾತು?"

ಹೇಳಿದೆ. ಖಾಲಿ ಎಂದದ್ದು ಮರಾಠಿಯ ಖಾಲಿ, ಕೆಳಗೆ ತಿರುಗಿಸು ಎಂದು, ನಾನು ಕತ್ತೆ ಎಂದು.

ಅಣ್ಣನ ಹೊಟ್ಟೆ ಮೊದಲು ಅಲುಗಿತು. ಆಮೇಲೆ ಭುಜ. ಆಮೇಲೆ ಆ ಹಳೆಯ ನಗು — ಘಾಟಿನಲ್ಲಿ ಎಂಜಿನ್ ಸಪ್ಪಳದ ಮೇಲೂ ಕೇಳುತ್ತಿದ್ದ ನಗು. ಪಟ್ಟಿಯ ಕೆಳಗಿನಿಂದ ನೀರು ಇಳಿಯುತ್ತಿತ್ತು.

"ಭರ್ತಿ ಗಾಡೀನ ಖಾಲಿ ಅಂತ ಹೇಳಿ ನಿಲ್ಲಿಸಿದೆಲ್ಲೋ ಮಗನ! ನಿನ್ನ ಅವತ್ತ ಕೆಲಸದಿಂದ ತಗದಿದ್ರ ಚಲೋ ಇತ್ತು!"

ಅನಿಕೇತ ಬಂದು ಹೇಳಿದ, ಒಂದೇ ತಿರುವು ಬಾಕಿ ಇದ್ದರೆ ಮುಗಿದಂತೆಯೇ ಲೆಕ್ಕ, ಎರಡು ಸೆಕೆಂಡು ದಂಡ ಮಾತ್ರ. ಅಣ್ಣ ಕಣ್ಣೊರೆಸಿಕೊಂಡ.

"ಎರಡ ಸೆಕೆಂಡ ಫೈನ್? ಇಂಥಾ ಚೆಕ್‌ಪೋಸ್ಟ್ ನನಗ ಜೀವನದಾಗ ಸಿಗಲಿಲ್ಲ ನೋಡ."

ನಮ್ಮದೇ ಕೊನೆಯ ಸ್ಥಾನ. ಆದರೆ ಮುಗಿಸಿದವರಲ್ಲಿ.

ವೈನಿ ಬಾಯಿಗೆ ಸೆರಗು ಹಿಡಿದು ಅಳುತ್ತಾ ನಗುತ್ತಾ ನಿಂತಿದ್ದರು. ಊಟದ ಪಂಕ್ತಿ ಹಾಕುವ ಸಪ್ಪಳ ಬಂತು. ತಾಟುಗಳ ಸಪ್ಪಳ. ಅಣ್ಣನ ಮುಖ ಬಾಗಿಲಿನ ಹಾಗೆ ಮುಚ್ಚಿಕೊಂಡಿತು. ಕಂಡೆ ನಾನು.

"ಕಲ್ಯಾ. ಮಾತ ಕೊಟ್ಟೀದಿ."

ಬಿಟ್ಟು ಬಂದೆ. ಖಾನಾಪುರದಲ್ಲಿ ಅವನ ತಾಟು ಒಳಗೆ ಹೋಯಿತು. ಬಾಗಿಲು ಮುಂದಾಯಿತು.

ಡಿಸೆಂಬರ್ ೧೬, ಮಂಗಳವಾರ

ನಗು ಬೇರೆ. ಊಟ ಬೇರೆ. ಇಷ್ಟೇ ಇವತ್ತು.

ಬಸಯ್ಯ ಕೇಳಿದ, ಯಾಕ್ರಿ ಇವತ್ತ ಜೋಕ ಇಲ್ಲ? ಖಾಲಿ, ಎಂದೆ.

ಡಿಸೆಂಬರ್ ೧೯, ಶುಕ್ರವಾರ. ಎಳ್ಳ ಅಮಾವಾಸ್ಯೆ. ಖಾನಾಪುರ

ಹಿತ್ತಲ ಕಲ್ಲಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಕೈ ತೊಳೆದು ಬರುತ್ತೇನೆ ಎಂದು ಹೇಳಿ ಬಂದವನು. ಈಗಲೇ ಬರೆಯದಿದ್ದರೆ ಆಮೇಲೆ ನಾನೇ ನಂಬುವುದಿಲ್ಲ.

ನಾವು ಮೂವರೂ ಬೆಳಿಗ್ಗೆ ಬಂದೆವು. ಹಬ್ಬದ ಅಡುಗೆ, ಕೇಳಬೇಕೇ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಕಾಳುಪಲ್ಯ, ಶೇಂಗಾ ಹೋಳಿಗೆ. ವೈನಿ ಎಂದಿನಂತೆ ಅಣ್ಣನ ತಾಟು ಮೊದಲು ಬಡಿಸಿ ಒಳಗೆ ಒಯ್ದರು. ಬಾಗಿಲ ಹತ್ತಿರ ಹೋಗುತ್ತಲೇ ಒಳಗಿನಿಂದ ದನಿ.

"ಇಷ್ಟ ವಾಸನಿ ಬರಾಕತ್ತೈತಿ. ಏನೇನ ಲೋಡ್ ಮಾಡೀರಿ?"

ವೈನಿ ತಾಟು ಇಟ್ಟು, ಅಭ್ಯಾಸದಂತೆ ಅವನ ಕೈ ಹಿಡಿಯಲು ಹೋದರು. ಕೈ ಹಿಂದಕ್ಕೆ ಹೋಯಿತು. ನಾನು ಹೊಸ್ತಿಲಲ್ಲಿ ನಿಂತಿದ್ದೆ. ಯೋಚನೆ ಮಾಡಿ ಹೇಳಿದ್ದಲ್ಲ. ಬಾಯಿಯ ಚಟ.

"ಕ್ಲೀನರ್ ಸೈಡ್ ರೊಟ್ಟಿ. ಡ್ರೈವರ್ ಸೈಡ್ ಎಣ್ಣಿಗಾಯಿ. ಬಾನೆಟ್ ಮ್ಯಾಲ ಪುಂಡಿಪಲ್ಯ, ಅದರ ಬಾಜೂಕ ಕಾಳಪಲ್ಯ. ಟೇಲ್ ಲೈಟಿಗೆ ಹೋಳಿಗಿ, ಡಾಕ್ಟರ್ ಹೇಳ್ಯಾರ, ಅರ್ಧಾ ಲೋಡ್."

ಅಣ್ಣನ ಬಲಗೈ ಇಳಿಯಿತು. ಡ್ರೈವರ್ ಸೈಡಿನ ಬದನೆಕಾಯಿಯನ್ನು ನೇರವಾಗಿ ಮುಟ್ಟಿತು. ಎಡಗೈ ಕ್ಲೀನರ್ ಸೈಡಿಗೆ. ರೊಟ್ಟಿ. ಮತ್ತೆ ಬಾನೆಟ್. ಎಲ್ಲ ಮುಟ್ಟಿ ನೋಡಿದ, ಮೊದಲ ದಿನ ಕ್ಯೂಬ್ ನೋಡಿದ ಹಾಗೆ. ಉಣ್ಣಲಿಲ್ಲ.

"ನೀವೆಲ್ಲಾ ಎಲ್ಲೆ ಕುಂದರತೀರಿ?"

"ಪಡಸಾಲ್ಯಾಗ, ದೊಡ್ಡಪ್ಪ" ಎಂದಳು ಸ್ನೇಹಲ್.

ಎದ್ದ. ಗೋಡೆ ಹಿಡಿದು ಬಂದ. ಯಾರೂ ಮುಟ್ಟಲಿಲ್ಲ, ಸ್ನೇಹಲ್ ಬಾಯಲ್ಲೇ ಹೇಳಿದಳು, ಬರ್ಲಿ ಬರ್ಲಿ, ಸ್ವಲ್ಪ ಕ್ಲೀನರ್ ಸೈಡ್, ಹಾಂ, ನಿಲ್ರಿ. ಕಲಿತವಳು. ಗೋಡೆಗೆ ಬಡಿಸಲಿಲ್ಲ. ಅಣ್ಣ ಮಣೆಯ ಮೇಲೆ ಕುಳಿತು ತಲೆಯೆತ್ತಿ ಹೇಳಿದ.

"ಗಂಗಾ, ನನ್ನ ತಾಟ ಇಲ್ಲೆ ತಾ. ಕೈ ಹಿಡೀಬ್ಯಾಡ. ಬಾಯಿಲೆ ಹೇಳ, ಸಾಕ."

ವೈನಿ ತಾಟು ತಂದರು. ಅವಸರಕ್ಕೆ ತಾಟು ವಾಲಿ ಪಲ್ಯ ಸ್ವಲ್ಪ ನೆಲಕ್ಕೆ ಬಿತ್ತು. ಕಣ್ಣಿದ್ದವರ ಕೈಯಿಂದ! ಯಾರೂ ಗಪ್ಪಾಗಲಿಲ್ಲ. ನಾಗರತ್ನಾ ಜೋರಾಗಿ, "ವೈನಿ, ಫೈನ್ ಎರಡ ಸೆಕೆಂಡ್!" ಎಂದಳು. ನನ್ನ ಹೆಂಡತಿ, ಜೋಕು! ಇಷ್ಟು ವರ್ಷದ ಸಂಸಾರ ಸಾರ್ಥಕ.

ಅದಕ್ಕೇ ಎದ್ದು ಬಂದೆ. ಕಣ್ಣಿಗೆ ಒಗ್ಗರಣೆಯ ಹೊಗೆ ಹೋಗಿತ್ತು. ಒಗ್ಗರಣೆ ಮುಗಿದು ಬಹಳ ಹೊತ್ತಾಗಿತ್ತು, ಆದರೂ.

ಪಡಸಾಲೆಯಿಂದ ವೈನಿಯ ದನಿ ಕೇಳುತ್ತಿದೆ, ಡ್ರೈವರ್ ಸೈಡ್ ಇನ್ನೊಂದ ಎಣ್ಣಿಗಾಯಿ ಹಾಕೇನ್ರಿ ಎಂದು. ಅಣ್ಣ ಏನೋ ಅಂದ, ಎಲ್ಲರೂ ನಗುತ್ತಿದ್ದಾರೆ. ನಾನಿಲ್ಲದೆ ಜೋಕು ನಡೆಯುತ್ತಿದೆ ಅಂದರೆ ಏನು—

ಕೂಗುತ್ತಿದ್ದಾನೆ.

"ಏ ಕ್ಲೀನರ್! ಕೈ ತೊಳ್ಯಾಕ ಲೋಂಡಾಕ್ಕ ಹೋಗೀದೇನ? ಊಟಕ್ಕ ಬಾರೋ! ಖಾಲಿ!"

ಯಾವ ಖಾಲಿ ಅಣ್ಣಾ, ಕೆಳಗೆ ಕೂರು ಎಂದೋ, ಹೋಳಿಗೆ ಮುಗಿದವು ಎಂದೋ... ತಡಿ, ಬಂದೆ, ನನ್ನ ಪಾಲಿನ ಹೋಳಿಗೆ—